ಮೀಟರಿಗೆ ಕರೆಂಟು ಎಲ್ಲಿಂದ?

ದಸರೆಗೆ, ಯುಗಾದಿಗೆ ಊರಿಗೆ ಹೊರಡುವ ಹೈದರಾಬಾದ್ ಕನ್ನಡಿಗರಲ್ಲಿ ಹಲವರು ಬೈಕನ್ನು ಕಾಚಿಗೂಡ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು ರೈಲು ಹತ್ತುತ್ತಾರೆ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವ ಕಾಚಿಗೂಡ ನಮ್ಮವರ ಹಳೆಯ ನೆಲೆ. ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಅಲ್ಲಿನ ಸ್ಟೇಷನ್ನೂ ನಮಗೆ ಊರಿನ ಬಾಗಿಲೇ. 2023ರ ಸೆಪ್ಟೆಂಬರಿನಲ್ಲಿ ಯಶವಂತಪುರಕ್ಕೆ ವಂದೇ ಭಾರತ್ ಬಂತು. ಅದರ ಬೆನ್ನಿಗೇ ಅಕ್ಟೋಬರಿನಲ್ಲಿ ಕೃಷ್ಣಾ ಮಾರ್ಗವಾಗಿ ರಾಯಚೂರಿಗೂ ಗಾಡಿ ಶುರುವಾಯಿತು. ಹಬ್ಬ ಮುಗಿಸಿ ಹತ್ತು ದಿನಕ್ಕೆ ವಾಪಸು ಬಂದು, ಬ್ಯಾಗು ಟ್ಯಾಂಕಿನ ಮೇಲಿಟ್ಟು ಸೆಲ್ಫ್ ಒತ್ತಿದರೆ ರಿಲೇಯ ಟಕ್ ಟಕ್ ಸದ್ದು ಮಾತ್ರ. ಎಂಜಿನ್ ತಿರುಗುವುದಿಲ್ಲ. ಹಳೆಯ ಗಾಡಿಯಾದರೆ ಕಿಕ್ ಹೊಡೆಯಬಹುದು. ಈಗಿನ ಎಷ್ಟೋ ಬೈಕುಗಳಿಗೆ ಕಿಕ್ಕೇ ಇಲ್ಲ.

ಬ್ಯಾಟರಿ ಒಂದೇ ರಾತ್ರಿಯಲ್ಲಿ ಸಾಯುವುದು ಅಪರೂಪ. ವಾರಗಟ್ಟಲೆ ಮೊದಲೇ ಅದು ಸೂಚನೆ ಕೊಡುತ್ತಿರುತ್ತದೆ, ಆದರೆ ಕಂಪನಿ ಕೊಟ್ಟ ಮೀಟರುಗಳಲ್ಲಿ ಅದನ್ನು ತೋರಿಸುವಂಥದ್ದು ಸಾಮಾನ್ಯವಾಗಿ ಇರುವುದಿಲ್ಲ. ವೇಗ, ಕಿಲೋಮೀಟರು, ಪೆಟ್ರೋಲು ಕಾಣುತ್ತದೆ. ಈ ಮೂರನ್ನೂ ನಡೆಸುವ ಕರೆಂಟು ಎಷ್ಟಿದೆ ಎನ್ನುವುದು ಕಾಣುವುದಿಲ್ಲ. ಅದಕ್ಕೇ ಹೊರಗಿನ ಮೀಟರೊಂದನ್ನು ಬೈಕಿಗೆ ಹಾಕಿಸಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ವೋಲ್ಟ್ ಮೀಟರನ್ನೇ. ಕೆಲವು ನೂರು ರೂಪಾಯಿಯ ವಸ್ತು. ಮನೆಯ ಅಂಗಳದಲ್ಲಿ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೂತು ಹಾಕಬಹುದಾದ ಕೆಲಸ. ಸ್ಕ್ರೂ ಬಿಗಿಯುವುದು ಯಾರಿಗಾದರೂ ಬರುತ್ತದೆ. ತಲೆ ಖರ್ಚು ಮಾಡಬೇಕಾದದ್ದು ಒಂದೇ ಪ್ರಶ್ನೆಗೆ: ಮೀಟರಿಗೆ ಕರೆಂಟನ್ನು ಎಲ್ಲಿಂದ ತೆಗೆಯಬೇಕು? ಇದಕ್ಕೆ ಸರಿಯಾದ ಉತ್ತರ ಹುಡುಕುವಷ್ಟರಲ್ಲಿ ನಿಮ್ಮ ಬೈಕಿನ ವೈರಿಂಗಿನ ಅರ್ಧ ಗುಟ್ಟು ತಿಳಿದಿರುತ್ತದೆ.

ಬುಲೆಟ್ ಓಡಿಸಿದ ಹಿರಿಯರಿಗೆ ಇಂಥ ಮೀಟರು ಹೊಸದೇನಲ್ಲ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ ದಶಕಗಳ ಕಾಲ ಬುಲೆಟ್ಟಿನ ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಆಂಪಿಯರ್ ಮೀಟರ್ ಇತ್ತು. ಮಧ್ಯದಲ್ಲಿ ಸೊನ್ನೆ, ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಇಂಡಿಕೇಟರ್ ಹಾಕಿದರೆ ಮುಳ್ಳು ಅದರ ತಾಳಕ್ಕೆ ಅಲುಗುತ್ತಿತ್ತು. ಆಂಪಿಯರ್ ಮೀಟರ್ ಹೆದ್ದಾರಿಯ ಟೋಲ್ ಗೇಟಿನಂತೆ: ಕರೆಂಟೆಲ್ಲ ಅದರೊಳಗೇ ಹಾದು ಹೋಗಬೇಕು, ಗೇಟು ಕೆಟ್ಟರೆ ರಸ್ತೆಯೇ ಬಂದ್. ಹಳೆಯ ಬುಲೆಟ್ಟುಗಳಲ್ಲಿ ಈ ಮೀಟರಿನ ಟರ್ಮಿನಲ್ ಸಡಿಲವಾಗಿ ಗಾಡಿ ನಡುದಾರಿಯಲ್ಲಿ ನಿಂತದ್ದು ಆ ಕಾಲದ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ವೋಲ್ಟ್ ಮೀಟರಿನ ಕೆಲಸವೇ ಬೇರೆ. ಅದು ಬ್ಯಾಟರಿಯ ಪ್ಲಸ್ ಮತ್ತು ಮೈನಸ್ ನಡುವೆ ಅಡ್ಡಲಾಗಿ ಕೂರುತ್ತದೆ. ಅದು ಸುಟ್ಟು ಹೋದರೂ ಬೈಕು ಓಡುತ್ತದೆ.

ಹಾಗಾಗಿ ಹಳೆಯ ಬುಲೆಟ್ಟಿನ ಆಂಪಿಯರ್ ಮೀಟರ್ ತೆಗೆದು ಅದೇ ತೂತಿನಲ್ಲಿ ವೋಲ್ಟ್ ಮೀಟರ್ ಕೂರಿಸುವವರು ಒಂದು ಮಾತು ನೆನಪಿಡಬೇಕು. ಹಳೆಯ ಮೀಟರಿನ ಎರಡು ದಪ್ಪ ವೈರುಗಳನ್ನು ಹಾಗೆಯೇ ಹೊಸ ಮೀಟರಿಗೆ ಸಿಕ್ಕಿಸಿದರೆ ಗಾಡಿಯ ಕರೆಂಟೇ ನಿಂತುಹೋಗುತ್ತದೆ, ಏಕೆಂದರೆ ವೋಲ್ಟ್ ಮೀಟರ್ ತನ್ನ ಮೂಲಕ ಹೆಚ್ಚು ಕರೆಂಟು ಹಾಯಲು ಬಿಡುವುದಿಲ್ಲ. ಆ ಎರಡು ವೈರುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಸೇರಿಸಿ, ಸ್ಲೀವ್ ಹಾಕಿ ಮುಚ್ಚಬೇಕು. ಹೊಸ ಮೀಟರಿಗೆ ಬೇರೆಯೇ ಪ್ಲಸ್, ಬೇರೆಯೇ ಅರ್ತ್.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯಜ್ದಿಗಳನ್ನು ಈಗಲೂ ಜೋಪಾನ ಮಾಡಿಕೊಂಡವರು ಇದ್ದಾರೆ. ಆ ಹಳೆಯ ಗಾಡಿಗಳಲ್ಲಿ ಬಹುತೇಕವು 6 ವೋಲ್ಟಿನವು. ಅವರು ಮೀಟರ್ ಕೊಳ್ಳುವಾಗ ಅದು 6 ವೋಲ್ಟಿಗೂ ನಡೆಯುತ್ತದೆಯೇ ಎಂದು ಕೇಳಿ ತರಬೇಕು. ಮುಂದೆ ನಾನು ಹೇಳುವ ವೋಲ್ಟಿನ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಂಡರೆ ಸರಿಹೋಗುತ್ತದೆ.

ಈಗ ಪ್ರಶ್ನೆಗೆ ಬರೋಣ. ಸುಲಭವಾಗಿ ಹೊಳೆಯುವ ಉತ್ತರ: ಕೆಂಪು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ವೈರನ್ನು ಮೈನಸ್ಸಿಗೆ ನೇರವಾಗಿ ಸೇರಿಸುವುದು. ಮೀಟರ್ ಚೆನ್ನಾಗಿಯೇ ಬೆಳಗುತ್ತದೆ. ಆದರೆ ಕೀ ತೆಗೆದರೂ ಬೆಳಗುತ್ತಲೇ ಇರುತ್ತದೆ. ಸಾಧಾರಣ ಎಲ್‌ಇಡಿ ಅಂಕಿಯ ಮೀಟರೊಂದು ಸುಮಾರು 20 ಮಿಲಿಆಂಪ್ ತಿನ್ನುತ್ತದೆ. ಲೆಕ್ಕಕ್ಕೇ ಬಾರದಷ್ಟು ಕಡಿಮೆ ಎನಿಸಬಹುದು. ದಿನದ 24 ತಾಸಿಗೆ ಗುಣಿಸಿ ನೋಡಿ: 0.48 ಆಂಪಿಯರ್ ಅವರ್. ಹತ್ತು ದಿನಕ್ಕೆ 4.8. ಸಣ್ಣ ಬೈಕಿನ ಬ್ಯಾಟರಿ 5 ಆಂಪಿಯರ್ ಅವರಿನದಾದರೆ ಹಬ್ಬ ಮುಗಿಸಿ ಬರುವಷ್ಟರಲ್ಲಿ ಅದು ಬರಿದು. ಬ್ಯಾಟರಿಯನ್ನು ಕಾಯಲೆಂದು ಹಾಕಿದ ಮೀಟರೇ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಅದನ್ನು ಕುಡಿದು ಮುಗಿಸುತ್ತದೆ. ಪೂರ್ತಿ ಬರಿದಾದ ಸೀಸದ ಬ್ಯಾಟರಿ ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿಗೆ ಬರುವುದಿಲ್ಲ.

ಎರಡನೆಯ ಉತ್ತರ ಹೆಡ್‌ಲೈಟಿನ ವೈರು. ಕೈಗೆ ಹತ್ತಿರ, ಡೂಮ್ ಬಿಚ್ಚಿದರೆ ಎದುರಿಗೇ ಇರುತ್ತದೆ. ಇಲ್ಲೂ ಒಂದು ತೊಡಕಿದೆ. ನಮ್ಮ ದೇಶದ ಎಷ್ಟೋ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ. ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿ ಬರುತ್ತದೆ. ಎಂಜಿನ್ ಶುರು ಮಾಡುವವರೆಗೆ ಹೆಡ್‌ಲೈಟ್ ಹತ್ತದಿದ್ದರೆ, ಎಕ್ಸಲೇಟರ್ ತಿರುವಿದಷ್ಟೂ ಬೆಳಕು ಏರಿದರೆ, ಅಲ್ಲಿರುವುದು ಎಸಿ ಎಂದು ಅನುಮಾನಿಸಿ. ಡಿಸಿ ಮೀಟರನ್ನು ಅಲ್ಲಿಗೆ ಸೇರಿಸಿದರೆ ಅಂಕಿ ಕುಣಿಯುತ್ತದೆ, ಮೀಟರು ಸುಡಲೂಬಹುದು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟ್ ತಾನೇ ಹತ್ತಬೇಕೆಂಬ ನಿಯಮ ಬಂದ ಮೇಲೆ ಈ ಗುರುತು ಹಿಡಿಯುವುದು ಇನ್ನೂ ಕಷ್ಟವಾಗಿದೆ. ಊಹೆ ಬಿಟ್ಟು ಮಲ್ಟಿಮೀಟರ್ ಹಿಡಿಯಬೇಕು.

ಮೂರನೆಯದೇ ಸರಿಯಾದ ಉತ್ತರ: ಕೀ ಹಾಕಿದಾಗ 12 ವೋಲ್ಟ್ ಬರುವ, ಕೀ ತೆಗೆದಾಗ ಸೊನ್ನೆಯಾಗುವ ಡಿಸಿ ವೈರು. ಹಾರನ್ನಿಗೆ, ಬ್ರೇಕ್ ಲೈಟಿನ ಸ್ವಿಚ್ಚಿಗೆ, ಇಂಡಿಕೇಟರಿನ ಫ್ಲಾಷರಿಗೆ ಹೋಗುವ ಪ್ಲಸ್ ವೈರು ಸಾಮಾನ್ಯವಾಗಿ ಇಂಥದ್ದು. ಹೀರೋ, ಹೋಂಡಾ ಗಾಡಿಗಳಲ್ಲಿ ಕೆಂಪು ವೈರು ಬ್ಯಾಟರಿಯ ನೇರ ಪ್ಲಸ್, ಕಪ್ಪು ವೈರು ಕೀ ದಾಟಿ ಬಂದ ಪ್ಲಸ್, ಹಸಿರು ಅರ್ತ್. ಇಲ್ಲೇ ಬಹಳ ಮಂದಿ ಎಡವುವುದು. ಮೀಟರಿನಿಂದ ಹೊರಬರುವ ಕಪ್ಪು ವೈರು ಮೈನಸ್. ಬೈಕಿನ ಕಪ್ಪು ವೈರು ಪ್ಲಸ್. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಜೋಡಿಸಿದರೆ ಕೀ ಹಾಕಿದಾಗ ಎರಡೂ ಕಡೆ ಒಂದೇ ವೋಲ್ಟೇಜು ಬಂದು ಮೀಟರ್ ಸತ್ತಂತಿರುತ್ತದೆ. ಕೀ ತೆಗೆದಾಗ ಆ ಕಪ್ಪು ವೈರಿಗೆ ಬಲ್ಬುಗಳ ಮೂಲಕವೋ ಕಿಡಿ ಹುಟ್ಟಿಸುವ ಸಿಡಿಐ ಮೂಲಕವೋ ಅರ್ತ್ ಸಿಕ್ಕಿ ಮೀಟರ್ ಮಿಣುಕಲೂಬಹುದು. ಕೀ ತೆಗೆದರೆ ಹತ್ತುವ, ಹಾಕಿದರೆ ಆರುವ ಮೀಟರನ್ನು ಕಂಡರೆ ಅದು ಮಾಲಿನ ದೋಷವಲ್ಲ, ಬಣ್ಣ ನಂಬಿದ್ದರ ಫಲ. ಬೇರೆ ಕಂಪನಿಗಳಲ್ಲಿ ಬಣ್ಣಗಳೇ ಬೇರೆ. ಮಲ್ಟಿಮೀಟರ್ ಹೇಳಿದ್ದೇ ಪ್ರಮಾಣ.

ಸಾಮಾನಿಗೆ ಕಾಚಿಗೂಡದವರು ದೂರ ಹೋಗಬೇಕಿಲ್ಲ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಶಾಖಕ್ಕೆ ಕುಗ್ಗುವ ಸ್ಲೀವ್, ಫ್ಯೂಸ್ ಹೋಲ್ಡರ್, ರಿಲೇ, ಮೀಟರು ಎಲ್ಲ ಅಲ್ಲೇ ಸಿಗುತ್ತವೆ. ಮೀಟರ್ ಆರಿಸುವಾಗ ಹೊಳಪನ್ನು ನೋಡಿ. ಮೇ ತಿಂಗಳ ಹೈದರಾಬಾದಿನ ಬಿಸಿಲಿನಲ್ಲಿ ಸಾಧಾರಣ ಎಲ್‌ಇಡಿ ಅಂಕಿ ಕಾಣುವುದೇ ಇಲ್ಲ. ಅದೇ ಅಂಕಿ ರಾತ್ರಿ ಕಣ್ಣಿಗೆ ಚುಚ್ಚುತ್ತದೆ, ಅದರಲ್ಲೂ ನೀಲಿ. ಕೆಂಪು ಅಂಕಿ, ಮೇಲೊಂದು ತೆಳು ಕಪ್ಪು ಫಿಲ್ಮ್ ಇದ್ದರೆ ರಾತ್ರಿಗೆ ಹಿತ. ನೀರು ನುಗ್ಗದಂತೆ ಹಿಂಭಾಗ ಮುಚ್ಚಿದ ಮೀಟರನ್ನೇ ಕೇಳಿ. ಐಪಿ 67 ಎಂಬ ಗುರುತಿದ್ದರೆ ಒಳ್ಳೆಯದು. ಎರಡು ವೈರಿನದು, ಮೂರು ವೈರಿನದು ಎಂದು ಎರಡು ಬಗೆ ಬರುತ್ತವೆ. ಎರಡು ವೈರಿನದು ತನಗೆ ಬಂದ ವೋಲ್ಟೇಜನ್ನೇ ಅಳೆಯುತ್ತದೆ. ಮೂರು ವೈರಿನದರಲ್ಲಿ ಬೆಳಗುವುದಕ್ಕೊಂದು, ಅಳೆಯುವುದಕ್ಕೊಂದು ವೈರು ಪ್ರತ್ಯೇಕ. ಬೈಕಿಗೆ ಎರಡು ವೈರಿನದೇ ಸಾಕು.

ಕೆಲಸ ಶುರುವಾಗುವುದು ಬ್ಯಾಟರಿ ಕಳಚುವುದರಿಂದ. ಮೊದಲು ಮೈನಸ್, ಆಮೇಲೆ ಪ್ಲಸ್. ಪ್ಲಸ್ ಬಿಚ್ಚುವಾಗ ಪಾನಾ ತಪ್ಪಿ ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ, ಏಕೆಂದರೆ ಚಾಸಿ ಆಗಲೇ ಬ್ಯಾಟರಿಯಿಂದ ಬೇರೆಯಾಗಿರುತ್ತದೆ. ಮರಳಿ ಹಾಕುವಾಗ ತಿರುಗುಮುರುಗು: ಮೊದಲು ಪ್ಲಸ್, ಕೊನೆಗೆ ಮೈನಸ್. ಮೀಟರಿನ ಕೆಂಪು ವೈರಿಗೆ 1 ಆಂಪಿಯರಿನ ಫ್ಯೂಸ್ ಹಾಕಬೇಕು, ಅದೂ ಕರೆಂಟು ತೆಗೆದ ಜಾಗಕ್ಕೆ ಹತ್ತಿರದಲ್ಲೇ. ಮೀಟರಿನ ಬಳಿ ಫ್ಯೂಸ್ ಹಾಕಿ, ನಡುವಿನ ವೈರು ಎಲ್ಲೋ ಹ್ಯಾಂಡಲ್ ಸಂದಿಯಲ್ಲಿ ಉಜ್ಜಿ ಚಾಸಿಗೆ ತಾಗಿದರೆ ಆ ಫ್ಯೂಸಿಗೆ ಸುದ್ದಿಯೇ ತಲುಪುವುದಿಲ್ಲ.

ಕಂಪನಿಯ ವೈರನ್ನು ಕತ್ತರಿಸಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ಹಾರನ್ನಿನ ಟರ್ಮಿನಲ್ಲಿಗೆ ಎರಡು ಬಾಯಿಯ ಕನೆಕ್ಟರ್ ಹಾಕಿದರೆ ಹಳೆಯ ವೈರೂ ಹೊಸ ವೈರೂ ಪಕ್ಕಪಕ್ಕ ಕೂರುತ್ತವೆ, ಯಾವಾಗ ಬೇಕಾದರೂ ತೆಗೆದು ಮೊದಲಿನ ಸ್ಥಿತಿಗೆ ತರಬಹುದು. ಬೇರೆ ದಾರಿಯಿಲ್ಲದಿದ್ದರೆ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಸ್ವಲ್ಪ ಸುಲಿದು, ಹೊಸ ವೈರು ಸುತ್ತಿ, ಸೋಲ್ಡರ್ ಮಾಡಿ ಮುಚ್ಚಬೇಕು. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕ್ಷಣದಲ್ಲಿ ಕೂರುತ್ತವೆ ನಿಜ. ಒಂದು ಮಳೆಗಾಲ ಕಳೆದ ಮೇಲೆ ಅವುಗಳೊಳಗೆ ಹಸಿರು ಕಿಲುಬು ಕೂತಿರುತ್ತದೆ. ಬರೀ ಕಪ್ಪು ಟೇಪು ಸುತ್ತಿದ ಗಂಟಿಗೂ ಅದೇ ಗತಿ. ಬಿಸಿಲಿಗೆ ಅದರ ಅಂಟು ಕರಗಿ ಟೇಪು ಜಾರುತ್ತದೆ.

ಬಿಎಸ್ 6 ಬೈಕಿನವರಿಗೆ ಇನ್ನೂ ಒಂದು ಮಾತು. 2020ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಇಸಿಯುಗೆ ಹೋಗುವ ಸೆನ್ಸರ್ ವೈರುಗಳು ತೆಳ್ಳಗೆ, ನೋಡಲು ಬೇರೆ ವೈರುಗಳಂತೆಯೇ ಇರುತ್ತವೆ. ಅವುಗಳಲ್ಲಿ ಹಲವು 5 ವೋಲ್ಟಿನವು. ಅದರಲ್ಲೊಂದನ್ನು ಕೆರೆದು ಮೀಟರಿಗೆ ಸೇರಿಸಿದರೆ ಇಡೀ ಬೈಕೇ ತಪ್ಪು ಲೆಕ್ಕ ಹಾಕಲು ಶುರು ಮಾಡುತ್ತದೆ. ಹಾರನ್, ಬ್ರೇಕ್ ಲೈಟಿನ ಕಡೆ ಬಿಟ್ಟು ಬೇರೆಡೆ ಕೈ ಹಾಕದಿರುವುದು ಕ್ಷೇಮ.

ಮೀಟರನ್ನು ಕೂರಿಸುವ ಜಾಗ ಹ್ಯಾಂಡಲ್ ಪೈಪು. ಬಹುತೇಕ ಬೈಕುಗಳಲ್ಲಿ ಅದು 22 ಮಿಲಿಮೀಟರಿನದು. ಅದಕ್ಕೆ ತಕ್ಕ ಕ್ಲಾಂಪು ಸಿಗುತ್ತದೆ. ನಡುವೆ ರಬ್ಬರ್ ತುಂಡೊಂದನ್ನಿಟ್ಟು ಬಿಗಿದರೆ ಎಂಜಿನ್ನಿನ ನಡುಕ ಮೀಟರಿಗೆ ಕಡಿಮೆ ತಲುಪುತ್ತದೆ. ವೈರನ್ನು ಕ್ಲಚ್ ಕೇಬಲ್ಲಿನ ಜೊತೆಗೇ ಕಟ್ಟಿಕೊಂಡು ಹೋಗಿ, ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಸ್ಟಾಪರಿನ ನಡುವೆ ಸಿಕ್ಕಿಕೊಳ್ಳಬಾರದು. ಮೀಟರಿಗೆ ಹೋಗುವ ಮುನ್ನ ವೈರು ಒಂದು ಚಿಕ್ಕ ಬಾಗಾಗಿ ಕೆಳಗೆ ಇಳಿದು ಮೇಲೇರಬೇಕು. ಮಳೆಯ ನೀರು ವೈರಿನ ಮೇಲೆ ಹರಿದು ಬಂದರೂ ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಮೀಟರಿನೊಳಗೆ ಇಳಿಯುವುದಿಲ್ಲ.

ಹಾಕಿದ ಮೇಲೆ ಅಂಕಿಯನ್ನು ಓದುವುದು ಗೊತ್ತಿರಬೇಕು. ರಾತ್ರಿಯಿಡೀ ನಿಂತ ಬೈಕಿಗೆ ಬೆಳಿಗ್ಗೆ ಕೀ ಹಾಕಿದಾಗ 12.6ರ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12.0ಕ್ಕೆ ಇಳಿದರೆ ಕಾಲು ಭಾಗ ಉಳಿದಿದೆ. ಈ ಅಂಕಿಗಳ ನಡುವಿನ ಅಂತರ ಎಷ್ಟು ಚಿಕ್ಕದು ನೋಡಿ. ಅದಕ್ಕೇ ದಶಮಾಂಶ ತೋರಿಸದ ಮುಳ್ಳಿನ ಮೀಟರಿಗಿಂತ ಅಂಕಿಯ ಮೀಟರು ಮೇಲು. ಸೆಲ್ಫ್ ಒತ್ತಿದ ಕ್ಷಣ ಅಂಕಿ ಕುಸಿಯುವುದು ಸಹಜ. ಬ್ಯಾಟರಿ ತುಂಬಿದ್ದರೂ 10ಕ್ಕಿಂತಲೂ ಕೆಳಗೆ ಬಿದ್ದು ಎಂಜಿನ್ ಸೋಮಾರಿಯಾಗಿ ತಿರುಗಿದರೆ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ಅರ್ಥ. ಎಂಜಿನ್ ಶುರುವಾಗಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರೊಳಗೆ ನಿಂತರೆ ಚಾರ್ಜಿಂಗ್ ಸರಿಯಿದೆ. ರೇಸ್ ಕೊಟ್ಟರೂ ಅಂಕಿ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿತೋ, ವೋಲ್ಟೇಜಿಗೆ ಮಿತಿ ಹಾಕುವ ರೆಗ್ಯುಲೇಟರ್ ಕೈಬಿಟ್ಟಿದೆ: ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದೊಂದಾಗಿ ಹೋಗುತ್ತವೆ, ಇಸಿಯುವಿಗೂ ಅಪಾಯ. ಆ ದಿನವೇ ಗಾಡಿಯನ್ನು ತೋರಿಸಬೇಕು.

ಇವುಗಳಿಗಿಂತ ನನಗೆ ಮುಖ್ಯವೆನಿಸುವುದು ಸಿಗ್ನಲ್ಲಿನಲ್ಲಿ ನಿಂತಾಗಿನ ಅಂಕಿ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಕಡೆಯ ಎಷ್ಟೋ ಹುಡುಗರು ಈ ನಗರದಲ್ಲಿ ಬೈಕನ್ನೇ ನಂಬಿ ಡೆಲಿವರಿ ಕೆಲಸ ಮಾಡುತ್ತಾರೆ. ಹ್ಯಾಂಡಲಿಗೆ ಮೊಬೈಲು, ಅದಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಚಾರ್ಜರು, ಮೇಲೆ ಎರಡು ಎಲ್‌ಇಡಿ ಫಾಗ್ ಲೈಟು. ಮೊಬೈಲ್ ಚಾರ್ಜರ್ ಸುಮಾರು 1 ಆಂಪಿಯರ್ ಎಳೆಯುತ್ತದೆ. 20 ವಾಟಿನ ಎರಡು ಫಾಗ್ ಲೈಟುಗಳು 3ಕ್ಕಿಂತ ಹೆಚ್ಚು ಎಳೆಯುತ್ತವೆ. ಸಣ್ಣ ಬೈಕಿನ ಮ್ಯಾಗ್ನೆಟ್ ಕಾಯಿಲ್ ಐಡಲಿನಲ್ಲಿ ಅಷ್ಟು ಕೊಡಲಾರದು. ಚಾದರ್‌ಘಾಟ್ ಕಡೆ ಸಂಜೆ ಟ್ರಾಫಿಕ್ಕಿನಲ್ಲಿ ಗಾಡಿ ತೆವಳುವಾಗ ಬ್ಯಾಟರಿ ತುಂಬುವುದರ ಬದಲು ಬರಿದಾಗುತ್ತಿರುತ್ತದೆ. ಮೀಟರ್ ಇದ್ದರೆ 12.3, 12.2 ಎಂದು ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಫಾಗ್ ಲೈಟ್ ಆರಿಸಿದೊಡನೆ ಅಂಕಿ ಮೇಲೇರುವುದೂ ಕಾಣುತ್ತದೆ. ದಿನದ ದುಡಿಮೆ ಬ್ಯಾಟರಿಯ ಮೇಲೆ ನಿಂತವರಿಗೆ ಇದು ಅಲಂಕಾರದ ವಸ್ತುವಲ್ಲ. ಇನ್ನು ಶಾಖದ ವಿಷಯ. ಸೀಸದ ಬ್ಯಾಟರಿಯ ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿ ತಂತ್ರಜ್ಞರ ಸಾಮಾನ್ಯ ಲೆಕ್ಕ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ದಿನವಿಡೀ ರಸ್ತೆಯಲ್ಲಿರುವ ಗಾಡಿಗೆ ಆ ಲೆಕ್ಕ ಕಟುವಾಗಿಯೇ ಅನ್ವಯಿಸುತ್ತದೆ.

ಮೀಟರಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಮೊದಲು ಒಂದು ಸಲ ಮಲ್ಟಿಮೀಟರನ್ನು ನೇರ ಬ್ಯಾಟರಿಗೆ ಹಿಡಿದು ಹೋಲಿಸಿ ನೋಡಬೇಕು. ವ್ಯತ್ಯಾಸ ಎರಡು ಕಾರಣಕ್ಕೆ ಬರಬಹುದು. ಅಗ್ಗದ ಮೀಟರೇ ಸ್ವಲ್ಪ ತಪ್ಪು ತೋರಿಸಬಹುದು. ಕೆಲವು ಮೀಟರುಗಳ ಹಿಂದೆ ಅದನ್ನು ಸರಿಪಡಿಸುವ ಪುಟ್ಟ ಸ್ಕ್ರೂ ಇರುತ್ತದೆ. ಇಲ್ಲವೇ ಬ್ಯಾಟರಿಯಿಂದ ಹಾರನ್ನಿನವರೆಗಿನ ದಾರಿಯಲ್ಲಿ, ಕೀ ಸ್ವಿಚ್ಚಿನಲ್ಲೋ ಕನೆಕ್ಟರಿನಲ್ಲೋ, ವೋಲ್ಟೇಜು ಸೋರುತ್ತಿರಬಹುದು. ಪತ್ತೆ ಸುಲಭ: ಹಾರನ್ನಿನ ಟರ್ಮಿನಲ್ಲಿಗೇ ಮಲ್ಟಿಮೀಟರ್ ಹಿಡಿಯಿರಿ. ಅಲ್ಲೂ ಕಡಿಮೆ ಇದ್ದರೆ ದೋಷ ವೈರಿಂಗಿನದು. ಬ್ಯಾಟರಿಯ ನಿಜವಾದ ಅಂಕಿಯೇ ಬೇಕು ಎನ್ನುವವರು ರಿಲೇ ಹಾಕಬಹುದು. ಹಾರನ್ನಿನ ವೈರು ರಿಲೇಯನ್ನು ಎಬ್ಬಿಸುತ್ತದೆ, ಎದ್ದ ರಿಲೇ ಬ್ಯಾಟರಿಯ ಕರೆಂಟನ್ನು ಫ್ಯೂಸಿನ ಮೂಲಕ ನೇರ ಮೀಟರಿಗೆ ಕೊಡುತ್ತದೆ. ಕೀ ತೆಗೆದರೆ ಎರಡೂ ಮಲಗುತ್ತವೆ.

ಆರ್‌ಪಿಎಂ ಮೀಟರ್ ಹಾಕುವ ಆಸೆಯವರಿಗೆ ಸ್ವಲ್ಪ ಎಚ್ಚರಿಕೆ. ಪ್ಲಗ್ಗಿನ ದಪ್ಪ ವೈರಿಗೆ ತೆಳು ವೈರೊಂದನ್ನು ಸುತ್ತಿದರೆ ಸಾಕು, ಕಿಡಿಯ ಎಣಿಕೆ ಸಿಗುತ್ತದೆ. ಆದರೆ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದೇ ಕಿಡಿ ಬೇಕಾದರೂ, ನಮ್ಮ ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಹೆಚ್ಚಿನವು ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತವೆ. ಕಿಡಿಗೆ ಸೂಚನೆ ಕೊಡುವ ಪಿಕಪ್ ಕಾಯಿಲ್ ಮ್ಯಾಗ್ನೆಟ್ಟಿನ ಬಳಿಯೇ ಇದೆ, ಅದಕ್ಕೆ ಸುತ್ತು ಗೊತ್ತೇ ಹೊರತು ಸ್ಟ್ರೋಕ್ ಗೊತ್ತಿಲ್ಲ. ಮೀಟರನ್ನು ಎರಡು ಸುತ್ತಿಗೆ ಒಂದು ಕಿಡಿ ಎಂದು ಹೊಂದಿಸಿದರೆ ಅದು ದುಪ್ಪಟ್ಟು ತೋರಿಸುತ್ತದೆ. ಸ್ಪ್ಲೆಂಡರಿನ ಐಡಲ್ 1400ರ ಸುಮಾರು ಇರಬೇಕು. ನಿಮ್ಮ ಮೀಟರ್ 2800 ಎಂದರೆ ಎಂಜಿನ್ನನ್ನು ಬಯ್ಯಬೇಡಿ, ಮೀಟರಿನ ಸೆಟ್ಟಿಂಗ್ ಬದಲಿಸಿ. ಪೆಟ್ರೋಲ್ ಮೀಟರಿಗಾಗಿ ಟ್ಯಾಂಕಿಗೆ ತೂತು ಕೊರೆದು ಫ್ಲೋಟ್ ಕೂರಿಸುವ ಕೆಲಸವನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬಾರದು. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಕಾನೂನಿನ ಪ್ರಶ್ನೆಯನ್ನೂ ಹಲವರು ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಇಂಥ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಹ್ಯಾಂಡಲಿಗೆ ಹೆಚ್ಚುವರಿಯಾಗಿ ಕೂರಿಸಿದ ವೋಲ್ಟ್ ಮೀಟರ್ ಆರ್‌ಸಿಯ ಯಾವ ವಿವರವನ್ನೂ ಮುಟ್ಟುವುದಿಲ್ಲ. ಕಂಪನಿಯ ಸ್ಪೀಡೋಮೀಟರನ್ನೇ ಕಿತ್ತು ಅದರ ಜಾಗದಲ್ಲಿ ಬೇರೆಯದನ್ನು ಹಾಕುವುದು ಬೇರೆ ಸಂಗತಿ. ಸ್ಪೀಡೋಮೀಟರ್ ಇರಲೇಬೇಕೆಂದು ನಿಯಮವಿದೆ, ಓಡಿದ ಕಿಲೋಮೀಟರಿನ ದಾಖಲೆಯೂ ಅದರೊಳಗೇ ಇದೆ. ಅದನ್ನು ಇದ್ದಲ್ಲೇ ಬಿಡಿ.

ಕೊನೆಗೊಂದು ದಿನ ಮೀಟರ್ ಕೆಟ್ಟ ಅಂಕಿ ತೋರಿಸುತ್ತದೆ, ಅದಕ್ಕಾಗಿಯೇ ಅದನ್ನು ಹಾಕಿದ್ದು. ಚಾರ್ಜ್ ಆಗುತ್ತಿಲ್ಲವೆಂದು ತಕ್ಷಣ ಹೊಸ ಬ್ಯಾಟರಿ ಕೊಳ್ಳಬೇಡಿ. ತುಂಬಿಸುವವರೇ ಇಲ್ಲದಿದ್ದರೆ ಹೊಸದೂ ಬರಿದಾಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷಿಸುವ ಹಳೆಯ ರೂಢಿಯನ್ನಂತೂ ಬಿಟ್ಟೇಬಿಡಬೇಕು. ಆ ಕ್ಷಣ ನುಗ್ಗುವ ವೋಲ್ಟೇಜಿಗೆ ರೆಗ್ಯುಲೇಟರೂ ಇಸಿಯುವೂ ಬಲಿಯಾಗಬಹುದು. ಮ್ಯಾಗ್ನೆಟ್ ಕಡೆಯಿಂದ ಮೂರು ಹಳದಿ ವೈರು ಬರುವ ಬೈಕುಗಳಲ್ಲಿ ಎಂಜಿನ್ ನಿಲ್ಲಿಸಿ ಆ ಕನೆಕ್ಟರ್ ಬಿಡಿಸಿ. ಮತ್ತೆ ಎಂಜಿನ್ ಶುರು ಮಾಡಿ, ಮಲ್ಟಿಮೀಟರನ್ನು ಎಸಿಗಿಟ್ಟು ಎರಡೆರಡು ವೈರುಗಳ ನಡುವೆ ಅಳೆಯಿರಿ. ಮೂರು ಜೋಡಿಯೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿ, ರೇಸ್ ಕೊಟ್ಟಂತೆ ಮೂರೂ ಏರಿದರೆ ಕಾಯಿಲ್ ಚೆನ್ನಾಗಿದೆ, ಅನುಮಾನ ರೆಗ್ಯುಲೇಟರಿನ ಮೇಲೆ ಹೋಗಬೇಕು. ಒಂದು ಜೋಡಿ ಮಾತ್ರ ಕುಗ್ಗಿದ್ದರೆ ಕಾಯಿಲ್ ಸುಟ್ಟಿದೆ. ಯಾವುದನ್ನಾದರೂ ಬದಲಿಸುವ ಮೊದಲು ನಿಮ್ಮ ಕೈಯಲ್ಲೇ ಇರುವ ಆ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ: ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ, ಒಳಗಿನ ಪಿನ್ನು ಕಪ್ಪಾಗಿದ್ದರೆ, ದೋಷ ಅಲ್ಲೇ ಇರುವ ಸಾಧ್ಯತೆ ಹೆಚ್ಚು, ಮತ್ತು ಹೊಸ ಕನೆಕ್ಟರಿನ ಬೆಲೆ ರೆಗ್ಯುಲೇಟರಿನ ಬೆಲೆಯ ಸಣ್ಣದೊಂದು ಭಾಗ.